ಚೆನ್ನೈ ಜಲಸ್ಥಲ ನಿರ್ಣಯ

ನೀರು ಯಾವುದು, ನೆಲ ಯಾವುದು ಎಂದು ಕಣ್ಣಿಂದಲೇ ತೀರ್ಮಾನಿಸಲು ಹೋಗಿ ದುರ್ಯೋಧನ ಮಯಸಭೆಯಲ್ಲಿ ನಗೆಪಾಟಲಾದ. ಚೆನ್ನೈಯ ಕಂದಾಯ ದರ್ಶನ ಆ ತಪ್ಪು ಮಾಡಿಲ್ಲ. ಅಲ್ಲಿ ಪ್ರತ್ಯಕ್ಷ ಪ್ರಮಾಣವಲ್ಲ, ಅನುಮಾನವೂ ಅಲ್ಲ. ಶಬ್ದವೊಂದೇ ಪ್ರಮಾಣ, ಅದೂ ಠಸ್ಸೆ ಬಿದ್ದ ಶಬ್ದ. ಒಂದು ಜಾಗ ಕೆರೆಯೋ ಸೈಟೋ ಎಂದು ಹೇಳುವುದು ಅಲ್ಲಿನ ನೀರಲ್ಲ, ರಿಜಿಸ್ಟರಿನ ಪಟ್ಟಾ (ಖಾಸಗಿ ಹಕ್ಕು) ಅಥವಾ ಪೊರಂಬೋಕು (ಸರ್ಕಾರಿ ನೆಲ) ಎಂಬ ನಮೂದು: ಇದು ನಮ್ಮ ಪ್ರತಿಜ್ಞೆ. ಸೂತ್ರಗ್ರಂಥ 1905ರ ಮದ್ರಾಸು ಭೂ ಒತ್ತುವರಿ ಕಾಯ್ದೆ. ಖಾಸಗಿ ಹಕ್ಕು ರುಜುವಾಗದ ಹೊರತು ಉಬ್ಬರದ ರೇಖೆಯ ಕೆಳಗಿನ ಸಮುದ್ರತಳ, ನದಿ ಕೆರೆಗಳ ಪಾತ್ರ, ನಿಂತ ನೀರು, ಹರಿವ ನೀರು ಎಲ್ಲವೂ ಸರ್ಕಾರದ್ದೆಂದು ಅದರ 2ನೇ ಸೆಕ್ಷನ್ ಸಾರುತ್ತದೆ. ಇನ್ನು ಉದಾಹರಣೆ: 1920ರ ದಶಕದಲ್ಲಿ ಲಾಂಗ್ ಟ್ಯಾಂಕ್ ಎಂಬ ಕೆರೆ ಬತ್ತಿ ತ್ಯಾಗರಾಯನಗರವಾಯಿತು. 1970ರ ದಶಕದಲ್ಲಿ ನುಂಗಂಬಾಕ್ಕಂ ಕೆರೆಯಂಗಳದ ಮೇಲೆ ವಳ್ಳುವರ್ ಕೋಟ್ಟಂ ಎದ್ದಿತು. ಪಶ್ಚಿಮ ಮಾಂಬಲದಲ್ಲಿ ಲೇಕ್ ವ್ಯೂ ರೋಡ್ ಇಂದಿಗೂ ಇದೆ. ನೋಡಲು ಕೆರೆಯಿಲ್ಲ ಎಂಬುದು ಪ್ರತ್ಯಕ್ಷವಾದಿಗಳ ಗೊಣಗಾಟ ಮಾತ್ರ. ಸಮುದ್ರಕ್ಕೂ ಈ ಶಾಸ್ತ್ರ ಬಾಯಿಪಾಠ: 1870ರ ದಶಕದಲ್ಲಿ ಬಂದರಿನ ಕಟ್ಟೆ ಎದ್ದ ಮೇಲೆ ದಕ್ಷಿಣದಲ್ಲಿ ಮರಳು ಕೂಡಿ ಮರೀನಾ ಅಗಲವಾಯಿತು, ಉತ್ತರದಲ್ಲಿ ರಾಯಪುರಂ ದಂಡೆ ಕೊಚ್ಚಿಹೋಯಿತು. ಕೂಡಿದ್ದು ಸರ್ಕಾರಕ್ಕೆ, ಕೊಚ್ಚಿದ್ದು ದಂಡೆಯವರಿಗೆ.

ಶಾಸ್ತ್ರ ಪರಾಕಾಷ್ಠೆ ಮುಟ್ಟಿರುವುದು ಪಳ್ಳಿಕರಣೈಯಲ್ಲಿ. 2022ರಲ್ಲಿ ಸುಮಾರು 1,248 ಹೆಕ್ಟೇರಿನ ಈ ಜೌಗು ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವಾಯಿತು. ಆದರೆ ಆ ಲೆಕ್ಕದೊಳಗೆ ಪಟ್ಟಾ ಜಮೀನೂ ಇದೆ. ನಕ್ಷೆಯ ಗೆರೆ ನೆಲದ ಮೇಲೆ ಎಲ್ಲಿ ಬೀಳುತ್ತದೆಂಬುದೇ ವ್ಯಾಜ್ಯ. 2025ರಲ್ಲಿ ಹಸಿರು ನ್ಯಾಯಮಂಡಳಿ, ತಾಣದ ಪ್ರಭಾವವಲಯದ ಅಧ್ಯಯನ ಮುಗಿಯುವ ತನಕ ಅದರ ಸುತ್ತ 1 ಕಿ.ಮೀ. ಒಳಗೆ ಕಟ್ಟಡಕ್ಕೆ ಅನುಮತಿ ಬೇಡವೆಂದಿತು. ಗೆರೆಯೇ ತಕರಾರಿನಲ್ಲಿರುವಾಗ 1 ಕಿ.ಮೀ.ಯನ್ನು ಎಲ್ಲಿಂದ ಅಳೆಯುವುದು? ಇಂಥ ಪ್ರಶ್ನೆ ನ್ಯಾಯಶಾಸ್ತ್ರದ ಗಂಗೇಶೋಪಾಧ್ಯಾಯರಿಗೂ ಹೊಳೆದಿರಲಾರದು. ಜಮೀನುದಾರ ಒಣಗಿದ ಕಾಲದ ಪಟ್ಟಾ ತೋರಿಸುತ್ತಾನೆ, ಸರ್ಕಾರ ಒದ್ದೆ ಕಾಲದ ನಕ್ಷೆ ತೋರಿಸುತ್ತದೆ. ಇಬ್ಬರೂ ಶಬ್ದವಾದಿಗಳೇ ಆದ್ದರಿಂದ ಜಗಳ ಸಗೋತ್ರದ್ದು.

ಇಲ್ಲಿ ಪೂರ್ವಪಕ್ಷಿ ಕೇಳುತ್ತಾನೆ: 2015ರ ಡಿಸೆಂಬರಿನ ನೆರೆಯಲ್ಲಿ, ಮತ್ತೆ 2023ರ ಮಿಚಾಂಗ್ ಚಂಡಮಾರುತದಲ್ಲಿ, ನೀರೇ ಬಂದು ತನ್ನ ಗಡಿ ತೋರಿಸಲಿಲ್ಲವೆ? ಆಕ್ಷೇಪ ಬಾಲಿಶ. ಪ್ರತಿಕೂಲ ಸ್ವಾಧೀನದ ಹಕ್ಕಿಗೆ ಖಾಸಗಿಯವರೆದುರು 12 ವರ್ಷ, ಸರ್ಕಾರದೆದುರು 30 ವರ್ಷ ಬಿಡದೆ ಕೂರಬೇಕು. ವೇಳಚ್ಚೇರಿ ಬಡಾವಣೆಗೆ ನುಗ್ಗಿದ ನೀರು ಮೋಟಾರು ಹಚ್ಚಿದೊಡನೆ ಎದ್ದುಹೋಯಿತು. ಹೆಚ್ಚೆಂದರೆ ಅದು ಒತ್ತುವರಿದಾರ, ಮತ್ತು ಸದರಿ 1905ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಎಬ್ಬಿಸುವ ಮುನ್ನ ಅದಕ್ಕೂ ನೋಟಿಸು ಜಾರಿಯಾಗಬೇಕು. ಆ ನೋಟಿಸನ್ನು ತಮಿಳಿನಲ್ಲಿ ಹೊರಡಿಸಿದರೆ ಸಾಕೋ, ಆಂಧ್ರದ ಕಡೆಯಿಂದ ಹರಿದುಬರುವ ಕೊಸಸ್ತಲೈ ನದಿಗಾಗಿ ತೆಲುಗು ಪ್ರತಿಯೂ ಬೇಕೋ ಎಂಬುದು ಮುಂದಿನ ಸಂಪುಟದ ವಿಷಯ.