ಯಾರ ವೈರಿ, ಸ್ವಾಮಿ?

ಪದಬಂಧದಲ್ಲಿ ವೈರಿಗಳ ಕಾಟ ಹೇಳತೀರದು. ಸುಳಿವು 'ಶತ್ರು', ಮನೆ ಎರಡು. ವೈರಿಯೋ, ಹಗೆಯೋ, ಅರಿಯೋ, ರಿಪುವೋ? ಎಲ್ಲರೂ ಎರಡಕ್ಷರದವರೇ! ಪೆನ್ನಿನಲ್ಲೇ ತುಂಬುವ ಧೀರರೆಲ್ಲ ಚಿತ್ತು ಹೊಡೆಯುವುದು ಇಲ್ಲಿಯೇ. 'ಮುರನ ವೈರಿ' ಅಂದರೆ ವಾಸಿ, ಮುರಾರಿ ತಾನಾಗಿ ಬಂದು ಕೂರುತ್ತಾನೆ. 'ಹಾವಿನ ಹಗೆ, ಮೂರು ಮನೆ' ಅಂದಿರೋ, ಗರುಡನಿಗೂ ಮುಂಗುಸಿಗೂ ಜಗಳ ಶುರು.

ಇನ್ನು ಬರೋಡದಲ್ಲಿ ನೆಲೆಸಿದ ಕನ್ನಡಿಗರಿಗೆ 'ನಮ್ಮ ಎದುರಾಳಿ' ಅಂತ ಸುಳಿವು ಕೊಟ್ಟರೆ? ಹಳೆಯ ಲೆಕ್ಕದಲ್ಲಿ ಉತ್ತರ ಸಲೀಸು: ಗುರ್ಜರರು. ರಾಷ್ಟ್ರಕೂಟ ದೊರೆ ಮುಮ್ಮಡಿ ಗೋವಿಂದ ತನ್ನ ತಮ್ಮನ ಮಗ ಕರ್ಕನನ್ನು ಗುರ್ಜರ ದೊರೆಗೆ ಅಗುಳಿಯಾಗಿ ನಿಲ್ಲಿಸಿದ ಎಂದು ಕ್ರಿ.ಶ. 812ರ ಬರೋಡ ತಾಮ್ರಶಾಸನವೇ ಹೇಳುತ್ತದೆ. ಅದೇ ಶಾಸನದಲ್ಲಿ ಕರ್ಕ ದಾನ ಕೊಟ್ಟ ಊರು ವಡಪದ್ರಕ, ಅಂದರೆ ಇವತ್ತಿನ ವಡೋದರ. ಅಗುಳಿ ಹಾಕಿದ್ದೂ ನಮ್ಮವರೇ, ಊರು ಕೊಟ್ಟದ್ದೂ ನಮ್ಮವರೇ. ಬಾಡಿಗೆ ಕೇಳಲು ಈಗ ಹೋಗಬೇಡಿ.

ಹೊಸ ಲೆಕ್ಕದಲ್ಲೇ ಪೇಚು. ಕ್ರಿಕೆಟಿಗ ಕೃಣಾಲ್ ಪಾಂಡ್ಯನನ್ನೇ ನೋಡಿ. ಹುಟ್ಟಿದ್ದು ಅಹಮದಾಬಾದಿನಲ್ಲಿ. ಅಪ್ಪನ ವ್ಯಾಪಾರ ಸೂರತ್ತಿನಲ್ಲಿ. ಮಕ್ಕಳ ಕ್ರಿಕೆಟ್ಟಿಗಾಗಿ ಅಪ್ಪ ಅದನ್ನು ಮುಚ್ಚಿ ಸಂಸಾರವನ್ನು ಬರೋಡಕ್ಕೆ ಕರೆತಂದರು. ಮೂರೂ ಊರಿನ ನೀರು ಕುಡಿದವನು. 2025ರ ಜನವರಿಯಲ್ಲಿ ವಿಜಯ್ ಹಜಾರೆ ಟ್ರೋಫಿಯ ಕ್ವಾರ್ಟರ್‌ಫೈನಲ್, ಬರೋಡದ ಮೋತಿಬಾಗ್ ಮೈದಾನ. ಬರೋಡ ತಂಡಕ್ಕೆ ಈತನೇ ನಾಯಕ, ಎದುರಿಗೆ ಕರ್ನಾಟಕ. ನಾವು ಐದೇ ರನ್ನಿಂದ ಗೆದ್ದೆವು. ಆವತ್ತಿನ ಪದಬಂಧದಲ್ಲಿ ಈತ ಅಪ್ಪಟ ವೈರಿ, ಯಾರ ತಕರಾರೂ ಇಲ್ಲ.

ಆರು ತಿಂಗಳೂ ಆಗಿಲ್ಲ, ಜೂನ್ 3. ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್. ಅದೇ ಕೃಣಾಲ್ ಈಗ ಆರ್‌ಸಿಬಿ ಅಂಗಿ ತೊಟ್ಟು ನಾಲ್ಕು ಓವರಿಗೆ ಬರೀ 17 ರನ್ ಕೊಟ್ಟ, ಎರಡು ವಿಕೆಟ್ ಕಿತ್ತ, ಪಂದ್ಯಪುರುಷನಾದ. ಪಂಜಾಬಿನ ಎದುರು ಆರು ರನ್ ಗೆಲುವು. 'ಈ ಸಲ ಕಪ್ ನಮ್ದೇ' ಅಂತ ಹದಿನೆಂಟನೇ ಸಲ ಗಂಟಲು ಹರಿದುಕೊಳ್ಳುತ್ತಿದ್ದವರ ಮಾತು ಕೊನೆಗೂ ನಿಜವಾಯಿತು. ಜನವರಿಯಲ್ಲಿ ಈತ ಔಟಾಗಲಿ ಎಂದು ಹರಕೆ ಹೊತ್ತವರೇ ಜೂನ್‌ನಲ್ಲಿ 'ನಮ್ ಹುಡುಗ' ಅಂದರು!

ಆದ್ದರಿಂದ ಪದಬಂಧ ಕಟ್ಟುವ ಮಹನೀಯರೇ, ಬರೀ 'ವೈರಿ' ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಯಾರ ವೈರಿ, ಯಾವ ತಿಂಗಳ ವೈರಿ, ಅದನ್ನೂ ದಯವಿಟ್ಟು ತಿಳಿಸಿ.