ಪ್ಲೈವುಡ್ ಕಷಾಯ

ಕುಮಾರಸ್ವಾಮಿ ಲೇಔಟಿನಲ್ಲಿ ಕಾವೇರಿ ನೀರಿಗೆ ಬರ ಬಂದೀತು, ಸಲಹೆಗೆ ಬರವಿಲ್ಲ. ಅಡುಗೆಮನೆಗೆ ಹೊಸ ಕಬೋರ್ಡು ಮಾಡಿಸುತ್ತೇವೆ ಎಂಬ ಸುದ್ದಿ ಹಬ್ಬಿದ್ದೇ ತಡ, ಪಾರ್ಕಿನ ವಾಕಿಂಗ್ ಮಂಡಳಿ ಪೂರ್ತಿ ಪ್ಲೈವುಡ್ ತಜ್ಞರಾಗಿಬಿಟ್ಟಿತು. "ಎಂಆರ್ ಪ್ಲೈ ಬೇಡ ಸಾರ್, ನೀರು ತಾಗಿದ್ರೆ ಉಬ್ಬತ್ತೆ. ಸಿಂಕ್ ಕೆಳಗೆ ಕುದಿನೀರಿಗೂ ಜಗ್ಗದ ಬಿಡಬ್ಲ್ಯುಪಿನೇ ಹಾಕ್ಸಿ. ಐಎಸ್ 710 ಅಂತ ಇರ್ಬೇಕು ನೋಡಿ," ಎಂದರು ಒಬ್ಬರು. ಅವರ ಮನೆಯ ಕಬೋರ್ಡು ಗೆದ್ದಲು ತಿಂದಿತ್ತು. ಅನುಭವಸ್ಥರು.

ಕಾರ್ಪೆಂಟರನ್ನು ಕರೆದುಕೊಂಡು ಅಂಗಡಿಗೆ ಹೋದೆ. 18 ಎಂಎಂ, ಎಂಟಡಿ ನಾಲ್ಕಡಿ ಶೀಟು. ಬೀಗದ ಕೈಯಿಂದ ಉದ್ದಕ್ಕೂ ತಟ್ಟಿ, ಕಿವಿಯಿಟ್ಟು ಕೇಳಿದೆ. ಒಳಪದರದಲ್ಲಿ ಸಂದಿದ್ದ ಕಡೆ ಸದ್ದು ಟೊಳ್ಳಾಯಿತು. ಅಂಚಿನಲ್ಲೂ ಕಂಡಿತು, ಬೆರಳುಗುರು ತೂರುವಷ್ಟು ಬಿರುಕು. "ಮೇಲೆ ಲ್ಯಾಮಿನೇಟ್ ಬರತ್ತಲ್ಲ ಸಾರ್, ಯಾರಿಗ್ ಕಾಣತ್ತೆ?" ಎಂದ ಅಂಗಡಿಯವನು. ಮೈ ಉರಿಯಿತು. ನಮ್ಮೂರಿನ ಅರ್ಧ ರಸ್ತೆ, ಮುಕ್ಕಾಲು ಚರಂಡಿ ಆಗಿರುವುದು ಇದೇ ಮಾತಿನ ಮೇಲೆ. ಬೇರೆ ಮಾಲಿನ ಮಾದರಿ ತುಂಡೊಂದನ್ನು ಇಸಿದುಕೊಂಡು ಬಂದೆ.

710ರ ನಿಯಮದಂತೆ ತುಂಡನ್ನು 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಫಿನಾಲ್ ಅಂಟು ತಡೆಯುತ್ತದೆ, ಅಗ್ಗದ ಯೂರಿಯಾ ಅಂಟು ಬಿಚ್ಚಿಕೊಳ್ಳುತ್ತದೆ. ಇಂಥ ಪರೀಕ್ಷೆಗಳಿಗೆ ತುಮಕೂರು ರಸ್ತೆಯಲ್ಲಿ ಪ್ಲೈವುಡ್ ಸಂಶೋಧನಾ ಸಂಸ್ಥೆಯೊಂದಿದೆ, ನಿಜ. ಆದರೆ ಗೊರಗುಂಟೆಪಾಳ್ಯದ ಟ್ರಾಫಿಕ್ಕಿಗೆ ಹೋಲಿಸಿದರೆ 72 ಗಂಟೆ ಏನು ಮಹಾ!

ಹಳೇ ಅಲ್ಯುಮಿನಿಯಂ ಪಾತ್ರೆಯಲ್ಲಿ ನೀರು ಹಾಕಿ ತುಂಡನ್ನು ಇಳಿಬಿಟ್ಟೆ. ಮರದ ತುಂಡು ತೇಲುತ್ತದೆಂಬುದು ಆಗಷ್ಟೇ ನೆನಪಾಗಿ, ಮೇಲೆ ಕುಟ್ಟಾಣಿ ಹೇರಿದೆ. ಸಂಜೆಯ ಹೊತ್ತಿಗೆ ನೀರು ಕೆಂಪಗೆ ಕಷಾಯದಂತಾಗಿ, ಮನೆಯೆಲ್ಲ ಸಾಮಿಲ್ಲಿನ ವಾಸನೆ. "ರೀ, ಬೇಳೆಗಾದ್ರೆ ಮೂರು ಸೀಟಿ. ಇದಕ್ಕೆಷ್ಟು?" ಎಂದಳು ಹೆಂಡತಿ. ರಾತ್ರಿ ಅಲಾರಂ ಇಟ್ಟುಕೊಂಡು ಎದ್ದೆದ್ದು ಬಿಸಿನೀರು ತುಂಬಿಸಿದೆ. ತಣ್ಣೀರು ಸುರಿದರೆ ಕುದಿ ನಿಂತು ಪರೀಕ್ಷೆ ಕೆಡುತ್ತದೆ. ಒಂದು ಅಪರಾತ್ರಿ ಅಮ್ಮ ಎದ್ದು ಬಂದರು.

"ಏನೋ ಅದು ಬೇಯ್ತಿರೋದು?"

"ಪ್ಲೈವುಡ್ ಅಮ್ಮ."

ಒಂದು ಕ್ಷಣ ಇಣುಕಿ ನೋಡಿದರು. "ಉಪ್ಪು ಹಾಕಿದ್ಯಾ?"

ಗಡುವು ಮುಗಿದ ಮೇಲೆ ಚಾಕು ತೂರಿಸಿ ಮೀಟಿದೆ. ಪದರ ಜಪ್ಪಯ್ಯ ಅನ್ನಲಿಲ್ಲ! ಸಿಲಿಂಡರು ಮಾತ್ರ ಖಾಲಿ.

ಕಾರ್ಪೆಂಟರ್ ತುಂಡನ್ನು ತಿರುಗಿಸಿ ನೋಡಿ ನಕ್ಕ. "ತುಂಡು ಒಳ್ಳೇದೇ ಸಾರ್. ಬರೋ ಶೀಟು ಇದೇ ಅಂತ ಹೆಂಗ್ ಹೇಳ್ತೀರಿ?" ಆಮೇಲೆ ತಾನಾಗೇ ಹೇಳಿದ: "ಅಂಗಡಿಯೋರು ನಮಗೂ ಶೀಟಿಗಿಷ್ಟು ಅಂತ ಕೊಡ್ತಾರೆ. ಕೂಲಿ ಒಂದ್ರಲ್ಲೇ ಊರಿಗೆ ದುಡ್ಡು ಕಳ್ಸಕ್ಕಾಗಲ್ಲ." ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಲೇಔಟಿನವರೆಲ್ಲ ಕೂಲಿಯಲ್ಲಿ ಚೌಕಾಸಿ ಮಾಡಿ ಉಳಿಸಿದ ದುಡ್ಡು ಪ್ಲೈವುಡ್ ಬಿಲ್ಲಿನಲ್ಲಿ ಹೀಗೆ ಆಚೆ ಹೋಗುತ್ತದೆ.

ಶೀಟು ಬಂದ ದಿನ ಅವನೇ ಒಂದೊಂದನ್ನೂ ಎತ್ತಿ ನಿಲ್ಲಿಸಿದ. ನಾನು ಐಎಸ್ಐ ಮುದ್ರೆಯ ಕೆಳಗಿನ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ ನೋಡಿದೆ. ಒಂದು ಶೀಟನ್ನು ಅವನೇ ವಾಪಸ್ ಕಳಿಸಿದ.

ಕಬೋರ್ಡು ಸೊಗಸಾಗಿದೆ, ಬಂದವರು ಅದರ ಬಣ್ಣ ಹೊಗಳುತ್ತಾರೆ. ಊಟದ ಮೇಜಿನ ಮೇಲೆ ಹುಳಿ ಪಾತ್ರೆಯಡಿ ಇಟ್ಟಿರುವ ತುಂಡಿನ ಬಗ್ಗೆ ಯಾರೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ, 710ರಿಂದ ಶುರುಮಾಡಿ. ಕುಟ್ಟಾಣಿಯ ಪ್ರಸಂಗ ಬರುವಷ್ಟರಲ್ಲಿ ಹೆಂಡತಿ ಮಜ್ಜಿಗೆ ತರಲು ಎದ್ದಿರುತ್ತಾಳೆ.