ಚೈನಿಂದು ಏನೂ ಕಸೂರಿಲ್ಲ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಮಳೆಗೆ ಬರ ಬಿದ್ದೀತು, ಸಲಹೆಗಲ್ಲ. ಮುತ್ಯಾನ ರ‍್ಯಾಲಿ ಸೈಕಲ್ಲನ್ನು ತೊಗರಿ ಚೀಲಗಳ ಸಂದಿಯಿಂದ ಎಳೆದು ತಂದು ಅಂಗಳದಲ್ಲಿ ಬುಡಮೇಲು ನಿಲ್ಲಿಸಿದ್ದೇ ತಡ, ಹಾದಿ ಹಿಡಿದು ಹೋಗುವವರೆಲ್ಲ ಒಳಗೆ ಬಂದು, ಪೆಡಲ್ ಒಮ್ಮೆ ತಿರುಗಿಸಿ, "ಚೈನ್ ಹೋಗ್ಯಾದ ತಮ್ಮಾ" ಎಂದು ತೀರ್ಪು ಕೊಟ್ಟು, ಚಹಾ ಕುಡಿದು ಹೋದರು.

ಎಲ್ಲರ ಕಣ್ಣೂ ಚೈನಿನ ಮೇಲೆ. ಅದು ಹೊರಗೆ ಕಾಣುತ್ತದೆ, ಧೋತರ ಕಚ್ಚುತ್ತದೆ, ಮುಟ್ಟಿದವರ ಕೈ ಕರ್ರಗೆ ಮಾಡುತ್ತದೆ. ಆರೋಪಿಯಾಗಲು ಇಷ್ಟು ಸಾಕಲ್ಲ!

ಕಾಕಾ ಮಾತ್ರ ತುಸು ಬೇರೆ. "ಕುಸುಬಿ ಎಣ್ಣಿ ಬಿಡು, ಸರಳ ಆತದ. ನಮ್ಮಪ್ಪ ಅದನ್ನೇ ಬಿಡ್ತಿದ್ದ" ಎಂದರು. ಅಲ್ಲೇ ಇತ್ತು ಗುಟ್ಟು. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ಬಣ್ಣ, ವಾರ್ನಿಶ್‌ಗೆ ಅದನ್ನು ಬಳಸುವುದೇ ಅದಕ್ಕೆ. ಮುತ್ಯಾ ವರ್ಷಾನುಗಟ್ಟಲೆ ಪ್ರೀತಿಯಿಂದ ಫ್ರೀವೀಲಿನ ಹೊಟ್ಟೆಗೆ ವಾರ್ನಿಶ್ ಕುಡಿಸಿದ್ದ. ಅದರ ಮೇಲೆ ಎರಿ ಹೊಲದ ಧೂಳು ಬೇರೆ. ಒಳಗಿನ ಪುಟ್ಟ ಕೊಕ್ಕೆಗಳು ಮಲಗಿದಲ್ಲೇ ಮಲಗಿದ್ದವು. ಪೆಡಲ್ ತುಳಿದರೆ ಚೈನು ಓಡುತ್ತದೆ, ಗಾಲಿ ನನಗೇನು ಎಂದು ನಿಲ್ಲುತ್ತದೆ.

ಜೇವರ್ಗಿಯ ಮುದುಕ ಮಿಸ್ತ್ರಿ ಚೈನ್ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ ಪೆಡಲ್ ತಿರುಗಿಸಿದರು. ಕಟಕ್. ಮತ್ತೆ ಕಟಕ್. "ಚೈನಿಂದು ಏನೂ ಕಸೂರಿಲ್ರಿ" ಎಂದು ಖುಲಾಸೆ ಮಾಡಿದರು. ಅವರ ಲೆಕ್ಕ ಸರಳ. ಮುಂದಿನ ಚಕ್ರಕ್ಕೆ 44 ಹಲ್ಲು, ಚೈನಿಗೆ 110 ಕೊಂಡಿ. ಚೈನು ಒಂದು ಸುತ್ತು ಬರಲು ಪೆಡಲ್ ಎರಡೂವರೆ ಸುತ್ತು ತಿರುಗಬೇಕು. ಬಿಗಿದ ಕೊಂಡಿಯ ಸದ್ದಾದರೆ ಎರಡೂವರೆ ಸುತ್ತಿಗೊಮ್ಮೆ ಬರಬೇಕು. ಇದು ಸುತ್ತಿಗೊಮ್ಮೆ ಬರುತ್ತಿದೆ. ಅಂದರೆ ಕಾಟರ್ ಪಿನ್ನೋ ನಡುವಿನ ಆ್ಯಕ್ಸಲ್ಲೋ. ನ್ಯಾಯಾಲಯಗಳೂ ಹೀಗೆ ಕಿವಿಗೊಟ್ಟು ಕೇಳಿದರೆ ಎಷ್ಟು ಕೇಸು ಮುಗಿದಾವು.

ಪಿನ್ ಸವೆದಿತ್ತು. ಹೊಸದನ್ನು ಅರದಿಂದ ಉಜ್ಜಿ ಕೂರಿಸಬೇಕು, ಎರಡು ಪಿನ್ನೂ ಎದುರುಬದುರು ದಿಕ್ಕಿನಿಂದ ಹೊಗಬೇಕು. ತಪ್ಪಿದರೆ ಎರಡು ಪೆಡಲ್ಲು ಹೊಲ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ.

ಆ್ಯಕ್ಸಲ್ ಹಿಡಿಯುವ ಕಪ್ಪಿನದು ಬೇರೆಯೇ ಕಥೆ. ಲೋಕದ ಸಾಧಾರಣ ಸೈಕಲ್ಲುಗಳಿಗೆ ಇಂಚಿಗೆ 24 ಥ್ರೆಡ್. ನಾಟಿಂಗ್‌ಹ್ಯಾಮಿನ ರ‍್ಯಾಲಿಗೆ 26. ಆಳಂದದಲ್ಲಿ ಕೊಟ್ಟದ್ದು ಸ್ವಲ್ಪ ಹೊಕ್ಕು ಕಚ್ಚಿಕೊಂಡಿತು. ಅಫಜಲಪುರದ್ದೂ ಅಷ್ಟೇ. ಆಳಂದದ ಕಡೆಯಿಂದ ಹರಿದು ಬಂದ ಅಮರ್ಜಾ ಗಾಣಗಾಪುರದಲ್ಲಿ ಸಲೀಸಾಗಿ ಭೀಮೆಯನ್ನು ಕೂಡುತ್ತಾಳೆ. ಎರಡು ಥ್ರೆಡ್ಡಿನ ವ್ಯತ್ಯಾಸ ಮಾತ್ರ ಕೂಡಲೊಲ್ಲದು. ಮಿಸ್ತ್ರಿ ಹಳೇ ಕಪ್ಪನ್ನೇ ತಿಕ್ಕಿ ತೊಳೆದು, ಒಂದೊಂದು ಕಡೆ ಕಾಲಿಂಚಿನ 11 ಗುಂಡು ಹೊಸದಾಗಿ ತುಂಬಿದರು. ಫ್ರೀವೀಲು ರಾತ್ರಿಯಿಡೀ ಚಿಮಣಿ ಎಣ್ಣೆಯಲ್ಲಿ ನೆನೆದು, ಬೆಳಿಗ್ಗೆ ಟಿಕಟಿಕ ಮಾತಾಡಿತು.

ಚೈನನ್ನು ಕೊನೆಗೆ ಅಳೆದದ್ದು ನನ್ನ ಸಮಾಧಾನಕ್ಕೆ. 24 ಕೊಂಡಿ, ಸರಿಯಾಗಿ 12 ಇಂಚು. ಹಿಗ್ಗಿಲ್ಲ.

ಈಗ ಮಡಗಾರ್ಡ್ ಒಂದು ಗಡಗಡ ಅನ್ನುತ್ತಿದೆ. ಅದನ್ನು ಪಡಸಾಲೆಯೊಳಗೆ ಬಿಚ್ಚುತ್ತಿದ್ದೇನೆ, ಕದ ಹಾಕಿಕೊಂಡು.